ಕನಿಷ್ಠ ಮೊತ್ತ ತಪ್ಪದೆ ಕಟ್ಟಿದರೂ ಸಾಲ ಇಳಿಯುತ್ತಿಲ್ಲವೇಕೆ?

ಪ್ರಶ್ನೆ: ಗೌರಿ ಹಬ್ಬದ ಹೊತ್ತಿನಲ್ಲಿ ಕ್ರೆಡಿಟ್ ಕಾರ್ಡಿನಿಂದ 40,000 ರೂಪಾಯಿಗೆ ಫ್ರಿಜ್ ಮತ್ತು ವಾಷಿಂಗ್ ಮೆಷಿನ್ ಕೊಂಡೆ. ಬಿಲ್ಲಿನಲ್ಲಿ ತೋರಿಸುವ ಕನಿಷ್ಠ ಮೊತ್ತವನ್ನು ಆರು ತಿಂಗಳಿಂದ ಒಂದು ದಿನವೂ ತಡ ಮಾಡದೆ ಕಟ್ಟಿದ್ದೇನೆ. 12,000 ರೂಪಾಯಿಯಷ್ಟು ಹೋಗಿದೆ. ಬಾಕಿ ಮಾತ್ರ ಇನ್ನೂ 38,000 ದಾಟಿಯೇ ಇದೆ. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇ. 30 ಮೀರುವಂತಿಲ್ಲ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಬ್ಯಾಂಕಿನ ಲೆಕ್ಕ ತಪ್ಪಿದೆಯೇ?
– ಒಬ್ಬ ಶಿಕ್ಷಕಿ, ಹಾಸನ ಜಿಲ್ಲೆ

ಉತ್ತರ: ನೀವು ಕೊಟ್ಟ ಅಂಕಿಗಳನ್ನು ನೋಡಿದರೆ ಲೆಕ್ಕ ತಪ್ಪಿದಂತೆ ಕಾಣುವುದಿಲ್ಲ. ಕನಿಷ್ಠ ಮೊತ್ತ ಸಾಮಾನ್ಯವಾಗಿ ಬಾಕಿಯ ಶೇ. 5ರ ಆಸುಪಾಸಿನಲ್ಲಿರುತ್ತದೆ. ಅದನ್ನು ಕಟ್ಟಿದರೆ ತಡಪಾವತಿ ಶುಲ್ಕ ಬೀಳುವುದಿಲ್ಲ, ಖಾತೆ ಸುಸ್ತಿಯಾಗುವುದಿಲ್ಲ. ಅದರಿಂದ ಸಿಗುವ ರಕ್ಷಣೆ ಇಷ್ಟೇ. ಉಳಿದ ಮೊತ್ತಕ್ಕೆ ಬಡ್ಡಿ ನಡೆಯುತ್ತಲೇ ಇರುತ್ತದೆ.

ನಿಮ್ಮ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.5 ಎಂದಿಟ್ಟುಕೊಳ್ಳೋಣ. ಕೇಳಲು ಸಣ್ಣದೆನಿಸಿದರೂ ಇದು ವರ್ಷಕ್ಕೆ ಶೇ. 42. ಮೊದಲ ತಿಂಗಳು 2,000 ಕಟ್ಟಿದಿರಿ, 38,000 ಉಳಿಯಿತು. ಅದಕ್ಕೆ 1,330 ರೂಪಾಯಿ ಬಡ್ಡಿ, ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಎಂದು ಸುಮಾರು 239 ರೂಪಾಯಿ ಸೇರಿ, ಬಾಕಿ ಮತ್ತೆ 39,569ಕ್ಕೆ ಬಂದು ನಿಂತಿತು. ಅಂದರೆ ನೀವು ಕೊಟ್ಟ ಎರಡು ಸಾವಿರದಲ್ಲಿ ಅಸಲಿಗೆ ಸಂದದ್ದು 431 ರೂಪಾಯಿ. ಮೊದಲ ಬಿಲ್ಲನ್ನು ಪೂರ್ತಿ ತೀರಿಸದೆ ಇದ್ದುದರಿಂದ ಕೊಂಡ ದಿನದಿಂದಲೇ ಬಡ್ಡಿ ಹಿಡಿದಿರುತ್ತಾರೆ, ಹಾಗಾಗಿ ನಿಜವಾದ ಇಳಿಕೆ ಇನ್ನೂ ಕಡಿಮೆಯೇ.

ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿ ಇನ್ನೊಂದಿದೆ. ಹಿಂದಿನ ಬಾಕಿ ಉಳಿದಿರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಈಗ ಅದೇ ಕಾರ್ಡಿನಲ್ಲಿ 500 ರೂಪಾಯಿಯ ಪೆಟ್ರೋಲ್ ಹಾಕಿಸಿದರೂ ಅಂದಿನಿಂದಲೇ ಬಡ್ಡಿ ಶುರು.

ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ಹಳೆಯ ಸತ್ಯವಿದೆ. ಶೇ. 30ಕ್ಕಿಂತ ಹೆಚ್ಚು ಬಡ್ಡಿ ವಿಧಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿದೆ. ಆದರೆ ಪಾವತಿಸದೆ ಉಳಿದ ಶುಲ್ಕ ಮತ್ತು ತೆರಿಗೆಗಳನ್ನು ಅಸಲಿಗೆ ಸೇರಿಸಿ ಅವುಗಳ ಮೇಲೂ ಬಡ್ಡಿ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನಗಳು ಹೇಳುತ್ತವೆ. ನಿಮ್ಮ ಬಿಲ್ಲಿನಲ್ಲಿ ಹಾಗೇನಾದರೂ ಕಂಡರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದೊಳಗೆ ಸಮಾಧಾನಕರ ಉತ್ತರ ಬಾರದಿದ್ದರೆ ಬ್ಯಾಂಕ್ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಯಾದ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು.

ಮೊದಲು ಆ ಕಾರ್ಡಿನ ಬಳಕೆ ನಿಲ್ಲಿಸಿ. ಬಳಿಕ ತಿಂಗಳಿಗೆ 5,000 ರೂಪಾಯಿಯಂತೆ ಕಟ್ಟಲು ಸಾಧ್ಯವಾದರೆ ಈ 38,000 ಸುಮಾರು ಒಂಬತ್ತು ಕಂತುಗಳಲ್ಲಿ ತೀರುತ್ತದೆ. ಬಡ್ಡಿ ಮತ್ತು ತೆರಿಗೆಗೆ 6,300 ರೂಪಾಯಿಯಷ್ಟು ಹೋಗುತ್ತದೆ. ಬಾಕಿಯನ್ನು ಇಎಂಐಗೆ ಬದಲಾಯಿಸಿ ಎಂದು ಬ್ಯಾಂಕಿನವರೇ ಕರೆ ಮಾಡಬಹುದು. ಒಪ್ಪುವ ಮುನ್ನ ಸಂಸ್ಕರಣಾ ಶುಲ್ಕವನ್ನೂ ಬಡ್ಡಿಯ ಮೇಲಿನ ಜಿಎಸ್‌ಟಿಯನ್ನೂ ಕೂಡಿಸಿ ನೋಡಿ. ನನ್ನ ಅಭಿಪ್ರಾಯದಲ್ಲಿ, ನಿಮ್ಮ ನೌಕರರ ಸಹಕಾರ ಸಂಘದಲ್ಲಿಯೋ ಚಿನ್ನದ ಮೇಲೆಯೋ ಕಡಿಮೆ ಬಡ್ಡಿಗೆ ಸಾಲ ಸಿಗುವುದಾದರೆ, ಅದನ್ನು ಪಡೆದು ಕಾರ್ಡಿನ ಬಾಕಿಯನ್ನು ಒಮ್ಮೆಗೇ ತೀರಿಸುವುದು ಲೇಸು.

ಬ್ಯಾಂಕಿನ ಆ್ಯಪ್‌ನಲ್ಲಿ ಆಟೋ ಪೇ ಇಟ್ಟಿದ್ದರೆ, ಅಲ್ಲಿ ‘ಕನಿಷ್ಠ ಮೊತ್ತ’ ಆಯ್ಕೆಯಾಗಿದೆಯೇ ‘ಒಟ್ಟು ಬಾಕಿ’ ಆಯ್ಕೆಯಾಗಿದೆಯೇ ಎಂದು ಇಂದೇ ನೋಡಿಕೊಳ್ಳಿ. ಪೂರ್ತಿ ಕಟ್ಟಿದ ಮರುತಿಂಗಳೂ ಬಿಲ್ಲಿನಲ್ಲಿ ಒಂದಿಷ್ಟು ಬಡ್ಡಿ ಕಾಣಿಸಬಹುದು. ಬಿಲ್ ತಯಾರಾದ ದಿನದಿಂದ ನೀವು ಹಣ ಕಟ್ಟಿದ ದಿನದವರೆಗಿನ ಬಡ್ಡಿ ಅದು. ಅದನ್ನೂ ಕಟ್ಟಿ ಬಾಕಿ ಸೊನ್ನೆಯಾದ ಮೇಲೆ ಬಡ್ಡಿರಹಿತ ಅವಧಿ ನಿಮಗೆ ಮತ್ತೆ ದೊರೆಯುತ್ತದೆ.