ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ: ದೊಡ್ಡ ಟೈರಿಗೆ ಹಿಂದಿನ ಫೆಂಡರ್ ಕತ್ತರಿಸುವುದು

ಪ್ರಶ್ನೆ: ನನ್ನದು ಲ್ಯಾಡರ್ ಚಾಸಿಸ್ (ಏಣಿಯಾಕಾರದ ಬೇರೆ ಚೌಕಟ್ಟು) ಇರುವ ಫೋರ್ ವೀಲ್ ಡ್ರೈವ್ ಗಾಡಿ, ಹಿಂದೆ ಲೀಫ್ ಸ್ಪ್ರಿಂಗ್ (ಪಟ್ಟಿಗಳ ಸ್ಪ್ರಿಂಗ್). 205/70 ಆರ್ 15 ಟೈರು ತೆಗೆದು 235/75 ಆರ್ 15 ಹಾಕಿಸಿದೆ. 50 ಮಿ.ಮೀ. ಲಿಫ್ಟ್ ಕೂಡ ಆಗಿದೆ. ಸಮ ರಸ್ತೆಯಲ್ಲಿ ತೊಂದರೆಯಿಲ್ಲ. ಲೋಡು ಹಾಕಿಕೊಂಡು ಗುಂಡಿಗೆ ಇಳಿದರೆ ಹಿಂದೆ ಗರ್ ಅಂತ ಉಜ್ಜುತ್ತದೆ, ಟೈರಿನ ಭುಜದ ರಬ್ಬರು ಅಲ್ಲಲ್ಲಿ ಕಿತ್ತಿದೆ. ಇನ್ನೂ 50 ಮಿ.ಮೀ. ಎತ್ತಿಸಲೇ, ಇಲ್ಲ ಫೆಂಡರ್ (ಚಕ್ರದ ಮೇಲಿನ ತಗಡು) ಕತ್ತರಿಸಲೇ?

ಉತ್ತರ: ಇನ್ನಷ್ಟು ಎತ್ತಿಸಬೇಡಿ. ಸ್ಪ್ರಿಂಗಿನಲ್ಲಿ ಲಿಫ್ಟ್ ಮಾಡಿದಾಗ ಹೆಚ್ಚುವುದು ಗಾಡಿ ನಿಂತಿರುವಾಗ ಕಾಣುವ ಸಂದು ಮಾತ್ರ. ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಆಕ್ಸಲ್ ಎಲ್ಲಿಗೆ ಏರಿ ನಿಲ್ಲಬೇಕು ಅನ್ನುವುದನ್ನು ತೀರ್ಮಾನಿಸುವುದು ಬಂಪ್ ಸ್ಟಾಪ್ (ಆಕ್ಸಲ್ ಬಂದು ತಾಗುವ ರಬ್ಬರಿನ ತಡೆ). ಅದು ಹಳೆಯದೇ ಇದ್ದರೆ 50 ಅಲ್ಲ, 100 ಮಿ.ಮೀ. ಎತ್ತಿದರೂ ಟೈರು ಅದೇ ಜಾಗಕ್ಕೆ ಹೋಗಿ ಅದೇ ತಗಡಿಗೆ ತಾಗುತ್ತದೆ.

ಲೆಕ್ಕ ನೋಡಿ. ಹಳೆಯ ಟೈರಿನ ವ್ಯಾಸ ಸುಮಾರು 668 ಮಿ.ಮೀ., ಹೊಸದು 734. ಅಂದರೆ ಆಕ್ಸಲ್‌ನಿಂದ ಮೇಲಕ್ಕೆ 33 ಮಿ.ಮೀ. ಹೆಚ್ಚು. ಅಗಲ 30 ಮಿ.ಮೀ. ಜಾಸ್ತಿ, ರಿಮ್ಮಿನ ಆಫ್‌ಸೆಟ್ (ಹಬ್ಬಿಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಇರುವ ದೂರ) ಬದಲಾಗದಿದ್ದರೆ ಒಳಗೂ ಹೊರಗೂ ತಲಾ 15. ಇದು ಹೆಸರಿಗಿರುವ ಅಳತೆ. ಮಡ್ ಟೈರಿನ ದಪ್ಪ ಗುಬ್ಬಿಗಳು ಭುಜದ ಮೇಲೂ ಇಳಿದಿರುತ್ತವೆ, ಹಾಗಾಗಿ ಟೈರಿನ ಮೇಲೆ ಬರೆದ ಅಂಕಿಯನ್ನು ನಂಬದೆ ಟೇಪು ಹಿಡಿದು ಅಳೆಯಿರಿ.

ನಿಮಗೆ ಎರಡು ದಾರಿಗಳಿವೆ. ಬಂಪ್ ಸ್ಟಾಪಿನ ಕೆಳಗೆ 30–35 ಮಿ.ಮೀ. ದಪ್ಪದ ಉಕ್ಕಿನ ತುಂಡು ಕೊಟ್ಟು ಆಕ್ಸಲ್ ಏರುವುದನ್ನೇ ತಡೆಯಬಹುದು. ಆದರೆ ಚಕ್ರದ ಓಟ (ಮೇಲೆ ಕೆಳಗೆ ಆಡುವ ದೂರ) ಅಷ್ಟೇ ಕಡಿಮೆಯಾಗುತ್ತದೆ, ಕಲ್ಲುದಾರಿಯಲ್ಲಿ ಗಾಡಿ ಬೇಗ ದಢ್ ಅನ್ನುತ್ತದೆ. ಓಟ ಉಳಿಯಬೇಕೆಂದರೆ ಫೆಂಡರ್ ಕತ್ತರಿಸಬೇಕು. ನಾವಾದರೆ 10–15 ಮಿ.ಮೀ. ಬಂಪ್ ಸ್ಟಾಪಿನಲ್ಲಿ ಪಡೆದು ಉಳಿದದ್ದನ್ನಷ್ಟೇ ತಗಡಿನಲ್ಲಿ ಕಡಿಯುತ್ತೇವೆ. ಕಡಿದ ತಗಡು ಮತ್ತೆ ಹುಟ್ಟುವುದಿಲ್ಲ.

ಪ್ರಶ್ನೆ: ಎಷ್ಟು ಕತ್ತರಿಸಬೇಕು ಅಂತ ಗುರುತು ಹಾಕುವುದು ಹೇಗೆ? ಗಾಡಿ ನಿಂತಲ್ಲೇ ಟೈರಿನ ಸುತ್ತ ಸಮನಾಗಿ ಗೆರೆ ಎಳೆದರೆ ಸಾಲದೆ?

ಉತ್ತರ: ಸಾಲದು. ಅರ್ಧಕ್ಕರ್ಧ ಫೆಂಡರುಗಳು ಕೆಡುವುದೇ ಇಲ್ಲಿ. ಚಕ್ರ ನೇರವಾಗಿ ಮೇಲೇರುವುದಿಲ್ಲ. ಲೀಫ್ ಸ್ಪ್ರಿಂಗಿನ ಮುಂದಿನ ಕಣ್ಣು (ತುದಿಯ ಸುರುಳಿ) ಚಾಸಿಸ್‌ಗೆ ಬಿಗಿದಿದ್ದು ಶ್ಯಾಕಲ್ (ಇನ್ನೊಂದು ತುದಿಯನ್ನು ಹಿಡಿದು ಆಡುವ ಕೊಂಡಿ) ಹಿಂದಿದ್ದರೆ, ಬಾಗಿದ ಪಟ್ಟಿ ಚಪ್ಪಟೆಯಾದಂತೆ ಆಕ್ಸಲ್ ಹಿಂದಕ್ಕೆ ಸರಿಯುತ್ತದೆ. ಆಗ ಉಜ್ಜುವುದು ಚಕ್ರದ ಮೇಲಿನ ಕಮಾನಿನ ಹಿಂಭಾಗ. ಕಾಯಿಲ್ ಸ್ಪ್ರಿಂಗ್, ಟ್ರೇಲಿಂಗ್ ಆರ್ಮ್ (ಆಕ್ಸಲನ್ನು ಮುಂದಿನಿಂದ ಹಿಡಿದ ತೋಳು) ಇರುವ ಗಾಡಿಯಲ್ಲಿ ಲಿಫ್ಟ್ ಆದ ಮೇಲೆ ಚಕ್ರ ನಿಂತಲ್ಲೇ ತುಸು ಮುಂದಕ್ಕೆ ಬಂದಿರುತ್ತದೆ. ಪ್ಯಾನ್‌ಹಾರ್ಡ್ ರಾಡ್ (ಆಕ್ಸಲನ್ನು ಅಡ್ಡಕ್ಕೆ ಹಿಡಿದ ಸರಳು) ಇದ್ದರಂತೂ ಇಡೀ ಆಕ್ಸಲ್ ಒಂದು ಬದಿಗೆ ಸರಿದಿರುತ್ತದೆ. ಹಾಗಾಗಿ ಎಡಗಡೆಯ ಅಳತೆಯನ್ನು ಬಲಗಡೆಗೆ ನಕಲು ಮಾಡಬೇಡಿ.

ಚಾಸಿಸ್ಸನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿ. ಕಾಯಿಲ್ ಇದ್ದರೆ ತೆಗೆದುಬಿಡಿ. ಲೀಫ್ ಇದ್ದರೆ ಉಳಿದ ಪಟ್ಟಿಗಳನ್ನು ಬಿಚ್ಚಿ ಮುಖ್ಯ ಪಟ್ಟಿ ಒಂದನ್ನೇ ಕಟ್ಟಿ (ಪಟ್ಟಿಗಳನ್ನು ಆಕ್ಸಲಿಗೆ ಬಿಗಿಯುವ, ಒಮ್ಮೆ ಬಿಚ್ಚಿದ ಯು-ಬೋಲ್ಟನ್ನು ಕೊನೆಯ ಜೋಡಣೆಗೆ ಬಳಸಬೇಡಿ, ಹೊಸದು ಹಾಕಿ). ಹೊಸ ಟೈರು ತೊಡಿಸಿ ಒಂದು ಬದಿಯ ಆಕ್ಸಲನ್ನು ಜಾಕಿನಿಂದ ಬಂಪ್ ಸ್ಟಾಪಿಗೆ ಮುಟ್ಟಿಸಿ, ಇನ್ನೊಂದು ಬದಿ ಜೋತಾಡಲಿ. ಬಂಪ್ ಸ್ಟಾಪ್ ಇರುವುದು ಚಕ್ರಕ್ಕಿಂತ ಒಳಗೆ. ಆದ್ದರಿಂದ ಹೀಗೆ ಓರೆಯಾದಾಗ ಮೇಲಿನ ಚಕ್ರ ಇನ್ನಷ್ಟು ಏರುತ್ತದೆ, ಟೈರಿನ ನೆತ್ತಿ ಒಳಕ್ಕೆ ಓರೆಯಾಗಿ ಒಳತಗಡಿನ ಕಡೆ ಹೋಗುತ್ತದೆ. ಆಮೇಲೆ ಎರಡೂ ಬದಿ ಒಟ್ಟಿಗೆ ಎತ್ತಿ ನೋಡಿ. ಹೊರ ಅಂಚಿಗೆ ತಾಗುವುದು ಕಾಣುವುದು ಆಗಲೇ. ರಬ್ಬರಿನ ಸ್ಟಾಪು ಜೋರು ಪೆಟ್ಟಿಗೆ ಸುಮಾರು ಅರ್ಧದಷ್ಟು ಕುಗ್ಗುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಈ ಸ್ಥಿತಿಯಲ್ಲಿ ಟೈರಿನಿಂದ 25 ಮಿ.ಮೀ. ದೂರಕ್ಕೆ ಅಗಲದ ಮಾಸ್ಕಿಂಗ್ ಟೇಪಿನ ಮೇಲೆ ಗೆರೆ ಹಾಕಿ. ಟೈರಿಗೆ ಚೈನು ಕಟ್ಟುವವರು ಇನ್ನೂ ಹೆಚ್ಚು ಬಿಡಬೇಕು. ಈ ಕೆಲಸ ಮುಗಿಯುವವರೆಗೆ ಗಾಡಿಯ ಅಡಿಗೆ ಯಾರೂ ನುಗ್ಗಬಾರದು.

ಪ್ರಶ್ನೆ: ಮುಂದಿನ ಫೆಂಡರನ್ನು ಗ್ರೈಂಡರಿನಲ್ಲಿ ಕತ್ತರಿಸಿದೆ, ಚೆನ್ನಾಗಿಯೇ ಬಂತು. ಹಿಂದೆ ಹಾಗೇ ಮಾಡಿದರೆ ತಗಡು ಎರಡು ಪದರವಾಗಿ ಬಾಯಿ ಬಿಟ್ಟಿತು, ನಡುವೆ ಬೆರಳು ತೂರುವಷ್ಟು ಸಂದು. ಪ್ಲಾಸ್ಟಿಕ್ ಫ್ಲೇರ್ (ಅಂಚಿನ ಮೇಲಿನ ಹೊದಿಕೆ) ಹಾಕಿ ಮುಚ್ಚಿಬಿಡಬಹುದೆ?

ಉತ್ತರ: ದಯವಿಟ್ಟು ಬೇಡ. ಮುಂದಿನ ಫೆಂಡರ್ ಸಾಮಾನ್ಯವಾಗಿ ಬೋಲ್ಟಿನಲ್ಲಿ ಕೂತ ಒಂಟಿ ತಗಡು. ಹಿಂದಿನದು ಹೊರತಗಡು ಮತ್ತು ಚಕ್ರದ ಗೂಡಿನ ಒಳತಗಡು ಎರಡನ್ನೂ ಅಂಚಿನಲ್ಲಿ ಸ್ಪಾಟ್ ವೆಲ್ಡ್ ಮಾಡಿ ಸೇರಿಸಿದ್ದು. ಗಾಡಿಯ ಬಲವೂ ಆ ಅಂಚಿನಲ್ಲಿದೆ. ಅಂಚು ಕಡಿದಿರಿ ಅಂದರೆ ವೆಲ್ಡಿನ ಸಾಲೇ ಹೋಯಿತು. ಚಕ್ರ ಎರಚಿದ ಕೆಸರು ಆ ಸಂದಿಗೆ ಹೋಗಿ ಕೂರುತ್ತದೆ, ಒಣಗುವುದೇ ಇಲ್ಲ, ಒಳಗಿನಿಂದ ತುಕ್ಕು ತಿನ್ನುತ್ತದೆ. ಧೂಳು, ಸೈಲೆನ್ಸರಿನ ಹೊಗೆ ಕ್ಯಾಬಿನ್ನಿಗೆ ಬರುತ್ತವೆ. ಫ್ಲೇರ್ ಹಾಕಿದರೆ ಇಷ್ಟೂ ಕಣ್ಣಿಗೆ ಕಾಣದಂತೆ ನಡೆಯುತ್ತದೆ.

ಈಗಾಗಲೇ ಕಡಿದಿರುವ ನಿಮಗೆ ಉಳಿದ ದಾರಿ, ಎರಡು ತಗಡಿನ ನಡುವೆ 1 ಮಿ.ಮೀ. ತಗಡಿನ ಪಟ್ಟಿಯನ್ನು ಕಮಾನಿನ ಆಕಾರಕ್ಕೆ ಬಗ್ಗಿಸಿ ವೆಲ್ಡ್ ಮಾಡಿಸುವುದು. ಇನ್ನೂ ಕಡಿಯದವರು ಮಡಚಿ ಮುಚ್ಚುವ ಕ್ರಮ ಹಿಡಿಯಲಿ. ಹೊರತಗಡನ್ನು ಕೊನೆಯ ಗೆರೆಗಿಂತ 15–20 ಮಿ.ಮೀ. ಕೆಳಗೆ ಕಡಿಯಿರಿ. ಉಳಿದ ಆ ಪಟ್ಟಿಯನ್ನು 25 ಮಿ.ಮೀ.ಗೊಂದರಂತೆ ಗೆರೆಯವರೆಗೆ ಸೀಳಿ, ಪ್ರತಿ ಸೀಳಿನ ತುದಿಗೆ 3 ಮಿ.ಮೀ. ತೂತು ಕೊರೆಯಿರಿ, ತೂತಿಲ್ಲದಿದ್ದರೆ ಗಾಡಿ ಅದುರಿದಂತೆಲ್ಲ ಸೀಳು ಮೇಲಕ್ಕೆ ಓಡುತ್ತದೆ. ಒಳತಗಡನ್ನೂ ಹಾಗೆಯೇ ಸೀಳಿ ಸುತ್ತಿಗೆಯಿಂದ ಹೊರಕ್ಕೆ ಬಡಿದು ಹೊರತಗಡಿನ ಬೆನ್ನಿಗೆ ತಾಗಿಸಿ. ಆಮೇಲೆ ಹೊರಗಿನ ನಾಲಿಗೆಗಳನ್ನು ಒಂದೊಂದಾಗಿ ಒಳಕ್ಕೆ ಮಡಚಿ ಒಳತಗಡನ್ನು ಅಪ್ಪಿಸಿ. ಮಡಚುವಾಗ ನಾಲಿಗೆಗಳ ನಡುವಿನ ಸೀಳುಗಳು ‘ವಿ’ ಆಕಾರದಲ್ಲಿ ಅಗಲವಾಗುತ್ತವೆ. ಅದು ತಪ್ಪಲ್ಲ, ಕಮಾನಿನ ಒಳಸುತ್ತಿನ ತಗಡು ಹೊರಸುತ್ತಿಗೆ ಹೋದಾಗ ಸಾಲದೇ ಬರುತ್ತದೆ. ಸಣ್ಣ ‘ವಿ’ಗಳನ್ನು ವೆಲ್ಡಿನಲ್ಲೇ ತುಂಬಬಹುದು. ಮೇಲಕ್ಕೆ ಹೋದಷ್ಟೂ ಎರಡು ತಗಡಿನ ನಡುವಿನ ಅಂತರ ಹೆಚ್ಚುತ್ತದೆ, 30 ಮಿ.ಮೀ. ದಾಟಿದರೆ ನಾಲಿಗೆ ಎಟುಕುವುದಿಲ್ಲ, ಅಲ್ಲಿ ಪಟ್ಟಿಯೇ ಬೇಕು.

ಮಿಗ್ (ತಂತಿ ತಾನಾಗಿ ಬರುವ) ವೆಲ್ಡಿಂಗಿಗೆ 0.6 ಅಥವಾ 0.8 ಮಿ.ಮೀ. ತಂತಿ ಸಾಕು. ಒಂದೇ ಓಟದಲ್ಲಿ ಎಳೆಯಬೇಡಿ. ಇಲ್ಲಿ ಒಂದು ಚುಕ್ಕೆ, ಅಲ್ಲಿ ಒಂದು ಚುಕ್ಕೆ, ಕೈಯಿಟ್ಟರೆ ಸುಡದಷ್ಟು ಆರಿದ ಮೇಲೆ ನಡುವೆ ತುಂಬುವುದು. ಅವಸರಪಟ್ಟರೆ ಹೊರತಗಡು ಅಲೆಅಲೆಯಾಗುತ್ತದೆ, ಬಣ್ಣ ಹೊಡೆದ ಮೇಲೆ ಇನ್ನೂ ಎದ್ದು ಕಾಣುತ್ತದೆ.

ಪ್ರಶ್ನೆ: ಕತ್ತರಿಸುವ ಮೊದಲು ಏನೇನು ಬಿಚ್ಚಬೇಕು?

ಉತ್ತರ: ಒಳಗಿನ ಟ್ರಿಮ್ ಬಿಚ್ಚಿ ಟಾರ್ಚು ಬಿಟ್ಟು ನೋಡದೆ ಗ್ರೈಂಡರ್ ಚಾಲೂ ಮಾಡಬೇಡಿ. ಒಂದು ಬದಿಯಲ್ಲಿ ಇಂಧನ ತುಂಬುವ ಪೈಪು, ಅದರ ಗಾಳಿ ಪೈಪು ಹಾದುಹೋಗಿರುತ್ತವೆ. ಹಿಂದಿನ ದೀಪಗಳ ವೈರು, ಸೀಟ್ ಬೆಲ್ಟಿನ ರೀಲು ಕೂಡ ಅಲ್ಲೇ ಇರಬಹುದು. ಪೈಪನ್ನು ಬಿಚ್ಚಿ ಟ್ಯಾಂಕಿನ ಬಾಯಿಗೆ ಬಿಗಿಯಾದ ಮುಚ್ಚಳ ಹಾಕಿ. ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು. ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಗಾಜಿನ ಮೇಲೆ ದಪ್ಪ ಒದ್ದೆ ಗೋಣಿ ಹೊದಿಸಿ. ಡಿಸ್ಕಿನ ಕಿಡಿಗಳು ಗಾಜಿನಲ್ಲಿ ಕರಗಿ ಕೂತ ಚುಕ್ಕೆಗಳನ್ನು ಯಾವ ಪಾಲಿಶೂ ತೆಗೆಯುವುದಿಲ್ಲ. ಕಣ್ಣಿಗೆ ಗಾಗಲ್ಸ್ ಇರಲೇಬೇಕು, 1 ಮಿ.ಮೀ. ಕಟಿಂಗ್ ಡಿಸ್ಕ್ ಓರೆಯಾದರೆ ಸಿಡಿಯುತ್ತದೆ.

ಪ್ರಶ್ನೆ: ಬಣ್ಣ ಹೊಡೆಸಿದ್ದೆ, ಆದರೂ ಮಡಿಕೆಯಲ್ಲಿ ತುಕ್ಕಿನ ನೀರು ಇಳಿಯುತ್ತಿದೆ. ಯಾಕೆ?

ಉತ್ತರ: ಬಣ್ಣ ಹೊರಗೆ ಬಿದ್ದಿದೆ, ತುಕ್ಕು ಮಡಿಕೆಯ ಒಳಗಿದೆ. ಮಡಚುವ ಮೊದಲೇ ಕಡಿದ ಅಂಚನ್ನು ಅರದಿಂದ ಉಜ್ಜಿ, ತಗಡಿನ ಎದುರುಬದುರು ಮುಖಗಳಿಗೆ ವೆಲ್ಡ್ ಮಾಡಲು ಬರುವ ಸತುವಿನ ಪ್ರೈಮರ್ ಹೊಡೆಯಬೇಕಿತ್ತು. ವೆಲ್ಡ್ ಮುಗಿದ ಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಸೀಮ್ ಸೀಲರ್ (ಬರಿ ತಗಡಿನ ಮೇಲಲ್ಲ), ಆಮೇಲೆ ಬಣ್ಣ, ಕೊನೆಗೆ ಒಳಗಿನ ಪೊಳ್ಳಿಗೆ ಮೇಣದ ಸಿಂಪಡಣೆ. ಮೇಣ ಮೊದಲು ಬಿದ್ದರೆ ಮುಂದಿನ ಯಾವುದೂ ಹಿಡಿಯುವುದಿಲ್ಲ. ನೀರಿಳಿಯುವ ತೂತುಗಳನ್ನು ಸೀಲರ್‌ನಿಂದ ಮುಚ್ಚಿಬಿಟ್ಟಿದ್ದರೆ ಇವತ್ತೇ ತೆರೆಯಿರಿ.

ಪ್ರಶ್ನೆ: ನಾಲ್ಕು ಬಾಗಿಲಿನ ಗಾಡಿ. 31 ಇಂಚಿನ ಟೈರಿಗೆ ಹಿಂಬಾಗಿಲಿನ ಅಂಚನ್ನೂ ಕಡಿಯಬೇಕು ಅನ್ನುತ್ತಾರೆ. ಕಡಿಯಬಹುದೆ?

ಉತ್ತರ: ಬಾಗಿಲಿನ ಹೊರತಗಡು ಒಳಚೌಕಟ್ಟಿನ ಮೇಲೆ ಸುಮಾರು 10 ಮಿ.ಮೀ. ಮಡಚಿ ಕೂತಿರುತ್ತದೆ. ಆ ಮಡಿಕೆ ದಾಟಿ ಕಡಿದರೆ ಬಾಗಿಲೇ ಬಿಚ್ಚಿಕೊಳ್ಳುತ್ತದೆ, ಅದನ್ನೂ ಫೆಂಡರಿನಂತೆಯೇ ಮುಚ್ಚಬೇಕು. ಬಾಗಿಲ ಹಿಂದಿನ ಕಂಬದ ಬುಡದಲ್ಲಿ ಮೂರು ಪದರ ತಗಡು ಸೇರುವ ಜಾಗವನ್ನಂತೂ ಮುಟ್ಟಬೇಡಿ. ಬೇರೆ ಚಾಸಿಸ್ ಇಲ್ಲದ ಮಾನೊಕಾಕ್ ಗಾಡಿಯಲ್ಲಿ ಭಾರ ಹೊರುವುದು ಅಂಥ ಜಾಗಗಳೇ. ಬಾಗಿಲಿಗೆ ಕೈ ಹಾಕಬೇಕಾಗಿ ಬಂದರೆ ಟೈರನ್ನೇ ಒಂದು ಅಳತೆ ಇಳಿಸಿ ಎಂಬುದು ನಮ್ಮ ಸ್ಪಷ್ಟ ಸಲಹೆ.

ಪ್ರಶ್ನೆ: 205/70ರಿಂದ 235/75ಕ್ಕೆ ಹೋದರೆ ಸ್ಪೀಡೋಮೀಟರ್ ಎಷ್ಟು ತಪ್ಪು ತೋರಿಸುತ್ತದೆ?

ಉತ್ತರ: ಟೈರಿನ ಸುತ್ತಳತೆ ಸುಮಾರು ಶೇ. 10 ಹೆಚ್ಚುತ್ತದೆ. ಮೊದಲು ಮೀಟರ್ 60 ತೋರಿಸುವಾಗ ಎಷ್ಟು ವೇಗ ಇರುತ್ತಿತ್ತೋ, ಈಗ ಅದಕ್ಕಿಂತ ಅಷ್ಟು ಹೆಚ್ಚು. ಗೇರು ಕೂಡ ಅಷ್ಟೇ ಭಾರವಾಗುತ್ತದೆ, ಬ್ರೇಕಿಗೆ ಕೆಲಸ ಹೆಚ್ಚುತ್ತದೆ. ಗಾಡಿಯ ನೋಂದಣಿ, ವಿಮೆಯ ನಿಯಮಗಳು ಇಂಥ ಬದಲಾವಣೆ ಒಪ್ಪುತ್ತವೆಯೇ ಎಂದು ಕಡಿಯುವ ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ಎಲ್ಲ ಮುಗಿದ ಮೇಲೆ ಸರಿಯಾಗಿದೆ ಅಂತ ತಿಳಿಯುವುದು ಹೇಗೆ?

ಉತ್ತರ: ಕತ್ತಲಾದ ಮೇಲೆ ಚಕ್ರದ ಗೂಡಿನೊಳಗೆ ಒಂದು ಪ್ರಖರ ದೀಪ ಇಟ್ಟು, ಟ್ರಿಮ್ ಹಾಕುವ ಮೊದಲು ಗಾಡಿಯೊಳಗೆ ಕೂತು ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡಲ್ಲೆಲ್ಲ ಸೀಲರ್ ಬೇಕು. ಆಮೇಲೆ ಸ್ಪ್ರಿಂಗುಗಳನ್ನು ಪೂರ್ತಿ ಜೋಡಿಸಿ, ಹೊಸ ಅಂಚಿಗೂ ಒಳತಗಡಿಗೂ ಸೀಮೆಸುಣ್ಣ ದಪ್ಪಗೆ ಬಳಿದು, ಲೋಡು ಹಾಕಿಕೊಂಡು ಒಂದೊಂದೇ ಹಿಂಚಕ್ರವನ್ನು ದಿಬ್ಬ ಹತ್ತಿಸಿ ನಿಧಾನಕ್ಕೆ ಇಳಿಸಿ. ಟೈರಿನ ಭುಜಕ್ಕೆ ಬಿಳಿ ಅಂಟಿದ್ದರೆ ಸುಣ್ಣ ಅಳಿಸಿದ ಜಾಗವನ್ನಷ್ಟೇ ಮತ್ತೆ ಸುತ್ತಿಗೆಯಿಂದ ಮೆಲ್ಲಗೆ ಒಳಕ್ಕೆ ಬಡಿಯಿರಿ, ಬಣ್ಣ ಬಿರುಕು ಬಿಟ್ಟಲ್ಲಿ ಅದೇ ದಿನ ಪ್ರೈಮರ್ ಹಚ್ಚಿ.