ಶಾಕ್ ಬದಲಿಸಿದ್ರೆ ಗಾಡಿ ಮೇಲೇಳುತ್ತಾ?

ಸರ್, ಹಿಂದಿನ ಶಾಕ್ ಅಬ್ಸಾರ್ಬರ್ ಎರಡೂ ಬದಲಿಸಿದ್ರೆ ಕುಗ್ಗಿರೋ ಕಾರು ಮೇಲೇಳುತ್ತೆ ಅಂತ ದಾವಣಗೆರೆ ಮೆಕ್ಯಾನಿಕ್ ಹೇಳಿದ್ದು ನಿಜಾನಾ ಅಂತ ಕೇಳಿದ್ದೀರಿ. ಏಳಲ್ಲ. ಭಾರ ಹೊರೋದು ಸ್ಪ್ರಿಂಗು. ಅದು ಕುಣೀತಾ ಇರದ ಹಾಗೆ ತಡೆಯೋದಷ್ಟೇ ಶಾಕಿನ ಕೆಲಸ. ಒಳಗೆ ಒತ್ತಡದ ಗ್ಯಾಸ್ ತುಂಬಿರೋ ಶಾಕ್ ಆದ್ರೆ ಕೆಲವು ಮಿಲಿಮೀಟರ್ ಏಳಬಹುದು, ಕಣ್ಣಿಗೆ ಕಾಣೋದೇ ಕಷ್ಟ.

ಹರಿಹರದ ಕಡೆ ಹೋಗುವಾಗ ಹಂಪ್ ದಾಟಿದ ಮೇಲೂ ತೂಗಾಡುತ್ತೆ ಅಂದ್ರಲ್ಲ, ಅದಕ್ಕೆ ಶಾಕ್ ಬೇಕೇ ಬೇಕು. ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿದ್ರೆ ಯೋಚನೆನೇ ಬೇಡ, ಜೋಡಿಯಾಗೇ ಬದಲಿಸಿ. ಎತ್ತರ ನೋಡೋಕೆ ಖಾಲಿ ಗಾಡೀನ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಟೇಪ್ ಹಿಡೀರಿ. ಒಂದು ಕಡೆ ಜಾಸ್ತಿ ತಗ್ಗಿದ್ರೆ ಮೊದಲು ಸ್ಪ್ರಿಂಗ್ ನೋಡಿಸಿ. ಕೆಲವೊಮ್ಮೆ ಅದರ ತುದಿಯ ಸುರುಳಿಯೇ ಮುರಿದಿರುತ್ತೆ.

ಹಾಂ, ಶಾಕ್ ಹಾಕುವಾಗ ಅದರ ಬುಷ್ (ತುದಿಯ ರಬ್ಬರ್ ಬಳೆ) ಬೋಲ್ಟನ್ನ ಜಾಕ್ ಇಳಿಸಿ, ಭಾರ ಚಕ್ರದ ಮೇಲೆ ಬಿದ್ದ ಮೇಲೇ ಪೂರ್ತಿ ಬಿಗಿಸೋಕೆ ಹೇಳಿ.