ಕೆನಡಾ ಪಿಆರ್ ಅರ್ಜಿಯಲ್ಲಿ ಹಳೆಯ ಸೇನಾ ಸೇವೆ ಬರೆಯಬೇಕಾ?

ಹದಿನೈದು ವರ್ಷದ ಹಿಂದೆ ಎರಡು ವರ್ಷ ಸೇನೆಯಲ್ಲಿ ಡ್ರೈವರ್ ಆಗಿದ್ದೆ, ಕೆನಡಾ ಪಿಆರ್ (ಕಾಯಂ ಆಗಿ ನೆಲೆಸುವ ಅನುಮತಿ) ಅರ್ಜಿಯಲ್ಲಿ ಅದನ್ನು ಬಿಟ್ಟರೆ ನಡೆಯುತ್ತಾ ಅಂತ ಕೇಳಿದ್ದೀರಿ. ಬಿಡಬೇಡಿ. ಸೇನೆಯಲ್ಲಿ ಇದ್ದರು ಅನ್ನೋ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕಾರ ಆಗುವುದಿಲ್ಲ. ಮುಚ್ಚಿಟ್ಟಿದ್ದು ಗೊತ್ತಾದರೆ ಮಾತ್ರ ಕಷ್ಟ, ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ 5 ವರ್ಷ ಬಾಗಿಲು ಮುಚ್ಚಬಹುದು.

ಪಿಆರ್ ಅರ್ಜಿಯ ಜೊತೆ ನಿಮ್ಮ ಹಿನ್ನೆಲೆ ಕೇಳುವ ಐಎಂಎಂ 5669 ಫಾರ್ಮ್‌ನಲ್ಲಿ ಸೇನೆಗೆಂದೇ ಒಂದು ಭಾಗ ಇದೆ. ಅರೆಸೇನಾ ಪಡೆಯೂ ಅದರಲ್ಲೇ ಬರುತ್ತದೆ. ಯೂನಿಟ್, ರ‍್ಯಾಂಕ್, ಮೇಲಧಿಕಾರಿಗಳ ಹೆಸರು, ಯುದ್ಧದಲ್ಲಿ ಭಾಗವಹಿಸಿದ್ದರೆ ಎಲ್ಲಿ ಯಾವಾಗ, ಸೇವೆ ಮುಗಿದಿದ್ದು ಯಾಕೆ, ಎಲ್ಲ ಕೇಳುತ್ತಾರೆ. ಕಳೆದ ಹತ್ತು ವರ್ಷದ್ದು ಬರೆದರೆ ಸಾಕು ಅನ್ನೋ ಲೆಕ್ಕ ಇರೋದು ಕೆಲಸ-ಓದಿನ ಕಾಲಂಗೆ, ಸೇನಾ ಸೇವೆಗೆ ಅಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ ಅಂತ ನನಗನ್ನಿಸುತ್ತದೆ.

ಅಧಿಕಾರಿ ಮುಖ್ಯವಾಗಿ ನೋಡುವುದು ಯುದ್ಧಾಪರಾಧ, ಮಾನವ ಹಕ್ಕು ಉಲ್ಲಂಘನೆಯಲ್ಲಿ ನಿಮ್ಮ ಕೈ ಇತ್ತಾ ಅಂತ. ಹಾಗಾಗಿ 'ಸೇನೆಯಲ್ಲಿದ್ದೆ' ಅಂತ ಸುಮ್ನೆ ಒಂದು ಸಾಲು ಬರೆದು ಬಿಡಬೇಡಿ. ಏನು ಓಡಿಸುತ್ತಿದ್ದಿರಿ, ಎಲ್ಲಿ ಇದ್ದಿರಿ, ಬಿಡಿಸಿ ಬರೆಯಿರಿ. ಸೇನೆಯಿಂದ ಬಿಡುಗಡೆ ಆದಾಗ ಕೊಟ್ಟ ಪತ್ರ ಇದ್ದರೆ ಅನುವಾದದ ಜೊತೆ ಲಗತ್ತಿಸಿ. ಮೇಲಧಿಕಾರಿಯ ಹೆಸರು ಮರೆತಿದ್ದರೆ ಊಹಿಸಿ ತುಂಬಬೇಡಿ, ನೆನಪಿಲ್ಲ ಅಂತ ಒಂದು ಪತ್ರದಲ್ಲಿ ವಿವರಿಸಿ. ಭದ್ರತಾ ತಪಾಸಣೆ ಸ್ವಲ್ಪ ಎಳೆಯಬಹುದು, ಅದಕ್ಕೆ ಗಾಬರಿ ಬೇಡ.